ಬಾತ್ರೂಮ್ ಮಾರ್ಬಲ್ ಮೇಲೆ ಕಪ್ಪು ಬೂಷ್ಟು, ಕಲ್ಲು ಹಾಳಾಗದೆ ತೆಗೆಯೋದು ಹೇಗೆ?

ಮಳೆಹನಿ:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಸಹಾಯ ಬೇಕಿತ್ತು. ನಮ್ಮ ಬಾತ್ರೂಮ್ ಗೋಡೆಗೆ ಬಿಳಿ ಮಾರ್ಬಲ್ ಟೈಲ್ಸ್ ಹಾಕಿದೆ, ಒರಿಜಿನಲ್ ಕಲ್ಲೇ, ಪ್ರಿಂಟ್ ಇರೋ ಸೆರಾಮಿಕ್ ಅಲ್ಲ. ಶವರ್ ಇರೋ ಮೂಲೇಲಿ ಟೈಲ್ಸ್ ಸಂದಿನಲ್ಲಿ ಸಣ್ಣ ಕಪ್ಪು ಚುಕ್ಕೆ ಶುರುವಾಗಿ ಈಗ ಕಲ್ಲಿನ ಮೇಲೂ ಮಬ್ಬುಮಬ್ಬಾಗಿ ಹರಡ್ತಾ ಇದೆ, ತೀರಾ ಕೆಳಗಿನ ಸಾಲು ಅಂತೂ ಯಾವಾಗ ನೋಡಿದ್ರೂ ಒದ್ದೆಯಾಗಿರೋ ಥರ ಬೂದು ಬಣ್ಣಕ್ಕೇ ಇರತ್ತೆ. ಗೋಡೆ ನೆಲ ಸೇರೋ ಕಡೆ ಸಿಲಿಕೋನ್ ಹಾಕಿದಾರಲ್ಲ, ಅದರೊಳಗೂ ಕಪ್ಪು. ಸೋಪಿನ ನೀರಲ್ಲಿ ಉಜ್ಜಿದ್ರೆ ಮೇಲ್ಮೇಲೆ ಹೋಗತ್ತೆ, ಸ್ವಲ್ಪ ದಿನಕ್ಕೆ ಅದೇ ಜಾಗದಲ್ಲಿ ವಾಪಸ್. ಒಬ್ರು ವಿನೆಗರ್ ಹಾಕಿ ಅಂತಾರೆ, ಒಬ್ರು ಟಾಯ್ಲೆಟ್ ಕ್ಲೀನರ್ ಅಂತಾರೆ, ಇನ್ನೊಬ್ರು ಬ್ಲೀಚ್. ನಾನಿನ್ನೂ ಯಾವುದನ್ನೂ ಮುಟ್ಟಿಲ್ಲ, ಕಲ್ಲು ಕೆಟ್ಟರೆ ಅನ್ನೋ ಭಯ ಒಂದು ಕಡೆ, ಮನೇಲಿ ಮಗುಗೆ ವೀಸಿಂಗ್ ಇರೋದ್ರಿಂದ ಬೂಷ್ಟು ಹಾಗೇ ಬಿಡೋಕೂ ಮನಸ್ಸಿಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

ಕಲ್ಲುಕೆಲಸ:
ಮೇಡಂ/ಸರ್, ಇನ್ನೂ ಏನೂ ಹಾಕಿಲ್ಲ ಅಂದ್ರಲ್ಲ, ತುಂಬಾ ಒಳ್ಳೇದಾಯ್ತು. ವಿನೆಗರ್, ನಿಂಬೆಹಣ್ಣು, ಟಾಯ್ಲೆಟ್ ಆಸಿಡ್ ಮೂರೂ ಮಾರ್ಬಲ್ ಹತ್ತಿರ ಸುಳಿಯೋದೇ ಬೇಡ. ಮಾರ್ಬಲ್ ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಆಸಿಡ್ ಬಿದ್ದ ತಕ್ಷಣ ಕರಗೋಕೆ ಶುರು, ಬುಸ್ ಅಂತ ನೊರೆ ಬರತ್ತಲ್ಲ ಅದು ಕೊಳೆ ಹೋಗ್ತಿರೋದಲ್ಲ, ಕಲ್ಲೇ ಹೋಗ್ತಿರೋದು. ಒರೆಸಿ ನೋಡಿದ್ರೆ ಅಷ್ಟು ಜಾಗದಲ್ಲಿ ಪಾಲಿಶ್ ಸತ್ತು ಬಿಳಿಚಿಕೊಂಡಿರತ್ತೆ, ಮತ್ತೆ ಪಾಲಿಶ್ ಹೊಡೆಸದೆ ಅದು ಸರಿ ಹೋಗಲ್ಲ. ಅಷ್ಟೇ ಅಲ್ಲ, ಪಾಲಿಶ್ ಹೋದ ಕಲ್ಲು ಇನ್ನೂ ಜಾಸ್ತಿ ನೀರು ಕುಡಿಯತ್ತೆ, ಬೂಷ್ಟಿಗೆ ಇನ್ನೂ ಅನುಕೂಲ. ಲೈಮ್‌ಸ್ಟೋನ್, ಟ್ರಾವರ್ಟೈನ್ ಥರದ ಸುಣ್ಣದ ಕಲ್ಲುಗಳಿಗೂ ಇದೇ ಮಾತು. ಗ್ರಾನೈಟ್ ಆದ್ರೆ ಆಸಿಡ್‌ಗೆ ಅಷ್ಟು ಬೇಗ ಬಗ್ಗಲ್ಲ, ಆದ್ರೂ ಸಂದಿನಲ್ಲಿರೋ ಸಿಮೆಂಟ್ ಗ್ರೌಟ್ ತಿಂದು ಹಾಕತ್ತೆ.

ನಿಮಗೆ ನಾನು ಹೇಳೋದು ಹೈಡ್ರೋಜನ್ ಪೆರಾಕ್ಸೈಡ್, 3 ಪರ್ಸೆಂಟ್‌ದು, ಔಷಧಿ ಅಂಗಡೀಲಿ ಗಾಯ ತೊಳೆಯೋಕೆ ಅಂತ ಸಿಗತ್ತೆ. ಬೆಳಕಿಗೆ ಅದರ ಶಕ್ತಿ ಹೋಗತ್ತೆ, ಅದಕ್ಕೇ ಬಣ್ಣದ ಬಾಟ್ಲಿಯಲ್ಲಿ ಬರೋದು, ಪಾರದರ್ಶಕ ಸ್ಪ್ರೇ ಬಾಟ್ಲಿಗೆ ಸುರಿದು ಕಿಟಕಿ ಹತ್ತಿರ ಇಟ್ಟರೆ ಬರೀ ನೀರು ಉಳಿಯತ್ತೆ. ಮೊದಲು ಕಣ್ಣಿಗೆ ಬೀಳದ ಮೂಲೇಲಿ ಒಂದೆರಡು ಹನಿ ಹಾಕಿ, ತೊಳೆದು, ಪೂರ್ತಿ ಒಣಗಿದ ಮೇಲೆ ಓರೆಯಾಗಿ ಟಾರ್ಚ್ ಹಿಡಿದು ನೋಡಿ, ಹೊಳಪು ಪಕ್ಕದ ಹಾಗೇ ಇದ್ರೆ ಮುಂದುವರಿಸಿ. ಮೊದಲು ನ್ಯೂಟ್ರಲ್ ಪಿಎಚ್ (ಆಸಿಡ್ಡೂ ಅಲ್ಲದ, ಕ್ಷಾರವೂ ಅಲ್ಲದ) ಸ್ಟೋನ್ ಕ್ಲೀನರ್‌ನಿಂದ ಸೋಪಿನ ಜಿಡ್ಡು ತೆಗೀರಿ, ಇದನ್ನ ಬಿಟ್ಟರೆ ಔಷಧಿ ಜಿಡ್ಡಿನ ಮೇಲೇ ಉಳಿಯತ್ತೆ. ಆಮೇಲೆ ಪೆರಾಕ್ಸೈಡ್ ಸ್ಪ್ರೇ ಮಾಡಿ ಒಂದು 10 ನಿಮಿಷ ಬಿಟ್ಟು ಮೆತ್ತನೆ ನೈಲಾನ್ ಬ್ರಶ್‌ನಲ್ಲಿ ಉಜ್ಜಿ, ತೊಳೆದು, ಬಟ್ಟೆಯಲ್ಲಿ ಒರೆಸಿ. ಸ್ಟೀಲ್ ನಾರು, ಸ್ಕ್ರಬ್ಬಿಂಗ್ ಪೌಡರ್ ಬೇಡ.

ಕಲ್ಲಿನ ಒಳಗೇ ಇಳಿದಿರೋ ಕಲೆ ಇದರಲ್ಲಿ ಹೋಗದೆ ಇದ್ರೆ ಅದೇ ಪೆರಾಕ್ಸೈಡ್‌ಗೆ ಅಡುಗೆ ಸೋಡಾ ಕಲಸಿ ಗಟ್ಟಿ ಮೊಸರಿನ ಹದಕ್ಕೆ ಮಾಡಿಕೊಂಡು ಅರ್ಧ ಸೆಂಟಿಮೀಟರ್ ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಅಂಟಿಸಿ 24 ಗಂಟೆ ಬಿಡಿ. ಆಮೇಲೆ ಪ್ಲಾಸ್ಟಿಕ್ ತೆಗೆದು ಅದು ತಾನಾಗೇ ಒಣಗಲಿ, ಒಣಗೋವಾಗ್ಲೇ ಅದು ಕಲೆಯನ್ನ ಹೊರಗೆ ಎಳೆಯೋದು, ಹಸಿ ಇರೋವಾಗ ಕೆರೆದು ಹಾಕಿದ್ರೆ ಮಾಡಿದ ಕೆಲಸ ದಂಡ. ಕಪ್ಪು, ಹಸಿರು ಕಲ್ಲು ಇರೋರು ಹುಷಾರು, ಪೆರಾಕ್ಸೈಡ್‌ಗೆ ಬಣ್ಣ ತಿಳಿಯಾಗೋ ಸಾಧ್ಯತೆ ಇದೆ.

ಉಸಿರು:
ಮಗುಗೆ ವೀಸಿಂಗ್ ಅಂದ್ರಲ್ಲ ಅದಕ್ಕೆ ಹೇಳ್ತಿದೀನಿ, ಒಣಗಿರೋ ಬೂಷ್ಟನ್ನ ಯಾವತ್ತೂ ಹಾಗೇ ಉಜ್ಜಬೇಡಿ, ಅದರ ಬೀಜಕಣ ಗಾಳಿಗೆ ಏಳತ್ತೆ, ಮೊದಲು ಒದ್ದೆ ಮಾಡಿ. ಗ್ಲೌಸ್, ಮಾಸ್ಕ್ ಹಾಕೊಳ್ಳಿ, ಮಗು ಆಚೆ ಹೋಗಿರೋ ಹೊತ್ತಲ್ಲಿ ಕೆಲಸ ಮುಗಿಸಿ, ಕಿಟಕಿ ತೆಗೆದು ಬಾತ್ರೂಮ್ ಬಾಗಿಲು ಹಾಕಿರಲಿ, ಗಾಳಿ ಹೊರಗೆ ಹೋಗಬೇಕು, ಮನೆಯೊಳಗಲ್ಲ. ಬ್ಲೀಚ್ ಬಗ್ಗೆ: ಅದು ಬಣ್ಣ ಹೊಡೆದು ಹಾಕತ್ತೆ, ನೋಡೋಕೆ ಬೆಳ್ಳಗಾಗತ್ತೆ, ಆದ್ರೆ ಗ್ರೌಟ್ ಥರ ರಂಧ್ರ ಇರೋ ಕಡೆ ಒಳಗೆ ಉಳಿದಿದ್ದು ಮತ್ತೆ ಚಿಗುರತ್ತೆ. ಎಲ್ಲಕ್ಕಿಂತ ಮುಖ್ಯ, ಬ್ಲೀಚ್ ಜೊತೆ ವಿನೆಗರ್ ಅಥವಾ ಟಾಯ್ಲೆಟ್ ಆಸಿಡ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ, ಅಮೋನಿಯಾ ಸೇರಿದ್ರೆ ಕ್ಲೋರಮೈನ್, ಎರಡೂ ಶ್ವಾಸಕೋಶಕ್ಕೆ ಅಪಾಯ. ಒಂದು ಹಾಕಿ ಹೋಗಲಿಲ್ಲ ಅಂತ ಅದರ ಮೇಲೇ ಇನ್ನೊಂದು ಸುರಿಯೋರು ತುಂಬಾ ಜನ ಇದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಪಸೆ_ಹುಡುಕು:
ಮೇಲಿನವರು ಹೇಳಿದ್ದೆಲ್ಲ ಸರಿ, ಆದ್ರೆ ನನಗೆ ನಿಮ್ಮ ಪ್ರಶ್ನೇಲಿ ಚಿಂತೆ ಹತ್ತಿಸಿದ್ದು ಕೆಳಗಿನ ಸಾಲು. ಬೂಷ್ಟಿಗೆ ಮುಖ್ಯವಾಗಿ ಬೇಕಾಗಿರೋದು ತೇವ, ಒಂದೆರಡು ದಿನ ಒದ್ದೆ ಇದ್ರೆ ಸಾಕು ಹುಟ್ಟಿಕೊಳ್ಳತ್ತೆ. ಆ ತೇವ ಎದುರಿಂದ ಬರ್ತಿದೆಯಾ ಹಿಂದಿಂದ ಬರ್ತಿದೆಯಾ ಅಂತ ಮೊದಲು ತಿಳ್ಕೊಳ್ಳಿ. ಕೆಳಗಿನ ಸಾಲಲ್ಲಿ ಒಂದು ಕಲ್ಲು, ಎದೆಮಟ್ಟದಲ್ಲಿ ಒಂದು ಕಲ್ಲು ಚೆನ್ನಾಗಿ ಒರೆಸಿ, ದಪ್ಪ ಪ್ಲಾಸ್ಟಿಕ್ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಶವರ್ ಬಳಸದೆ ಬಿಡಿ. ಪ್ಲಾಸ್ಟಿಕ್‌ನ ಒಳಮುಖದಲ್ಲಿ ಬೆವರಿದ್ರೆ ನೀರು ಗೋಡೆ ಒಳಗಿದೆ ಅಂತ.

ಸಿಲಿಕೋನ್ ಒಳಗೆ ಕಪ್ಪಾಗಿರೋದು ಯಾವ ಔಷಧಿಗೂ ಹೋಗಲ್ಲ, ಬ್ಲೇಡ್‌ನಲ್ಲಿ ಕತ್ತರಿಸಿ ತೆಗೆದು, ಜಾಗ ಪೂರ್ತಿ ಒಣಗಿಸಿ ಹೊಸದು ಹಾಕಬೇಕು. ಹೊಸದು ತರೋವಾಗ ನ್ಯೂಟ್ರಲ್ ಕ್ಯೂರ್, ನ್ಯಾಚುರಲ್ ಸ್ಟೋನ್‌ಗೆ ಅಂತ ಬರೆದಿರೋದೇ ಕೇಳಿ ತನ್ನಿ. ಮಾಮೂಲಿ ಸಿಲಿಕೋನ್ ಒಣಗೋವಾಗ ವಿನೆಗರ್ ವಾಸನೆ ಬರತ್ತಲ್ಲ, ಅದು ಅಸಿಟಿಕ್ ಆಸಿಡ್ಡೇ, ಮಾರ್ಬಲ್ ಅಂಚನ್ನ ತಿನ್ನತ್ತೆ. ಕೆಲಸದವರು ಕೈಗೆ ಸಿಕ್ಕಿದ್ದು ಹಾಕಿಬಿಡ್ತಾರೆ, ನೀವೇ ನಿಂತು ಟ್ಯೂಬ್ ಓದಿ.

ಮಳೆಹನಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೆರಾಕ್ಸೈಡ್ ಮೂಲೇಲಿ ಟೆಸ್ಟ್ ಮಾಡಿ, ಹೊಳಪಿಗೆ ಏನೂ ಆಗಿಲ್ಲ ಅಂತ ನೋಡ್ಕೊಂಡು ಹಾಕಿದೆ, ಮೇಲಿನ ಟೈಲ್ಸ್ ಸಂದು ಪೂರಾ ತಿಳಿಯಾಯ್ತು. ಆದ್ರೆ ಪ್ಲಾಸ್ಟಿಕ್ ಟೆಸ್ಟ್‌ನಲ್ಲಿ ಮೇಲಿನ ಕಲ್ಲು ಒಣಗಿದೆ, ಕೆಳಗಿನದ್ದರಲ್ಲಿ ಸಣ್ಣ ಸಣ್ಣ ಹನಿ ಸಾಲಾಗಿ ಕೂತಿತ್ತು. ಈಗ ಕಲ್ಲು ನೀರು ಕುಡಿಯದ ಹಾಗೆ ಹಚ್ಚೋ ಒಳ್ಳೇ ಸೀಲರ್ ಹಚ್ಚಿಸಿದ್ರೆ ನಿಲ್ಲತ್ತಾ?

ಪಸೆ_ಹುಡುಕು:
ಈಗಲೇ ಸೀಲರ್ ಹಚ್ಚಿಸಬೇಡಿ ಪ್ಲೀಸ್. ಸೀಲರ್ ಬೂಷ್ಟು ಕೊಲ್ಲಲ್ಲ, ಒದ್ದೆ ಕಲ್ಲಿಗೆ ಹಚ್ಚಿದ್ರೆ ಸರಿಯಾಗಿ ಇಳಿಯೋದೂ ಇಲ್ಲ, ಒಳಗಿನ ನೀರು ಆರೋಕೂ ಕಷ್ಟ. ಸಾಧ್ಯ ಆದ್ರೆ ಒಂದು ವಾರ ಆ ಶವರ್ ಬಿಟ್ಟು ಬೇರೆ ಕಡೆ ಸ್ನಾನ ಮಾಡಿ. ಬೂದು ಬಣ್ಣ ನಿಧಾನಕ್ಕೆ ತಿಳಿಯಾಗ್ತಾ ಬಂದ್ರೆ ನೀರು ಸಂದಿನಿಂದ, ಸಿಲಿಕೋನ್ ಬಿಟ್ಟಿರೋ ಕಡೆಯಿಂದ ಹೋಗ್ತಿದೆ ಅಂತ, ಹಳೇ ಗ್ರೌಟ್ ಕೆರೆದು ಹೊಸದು ತುಂಬಿ ಸಿಲಿಕೋನ್ ಬದಲಾಯಿಸಿದ್ರೆ ಸಾಕಾಗಬಹುದು. ಶವರ್ ಬಿಟ್ಟರೂ ಹಾಗೇ ಒದ್ದೆ ಇದ್ರೆ ಪೈಪ್ ಜಾಯಿಂಟ್ ಅನುಮಾನ ಪಡಿ, ನೀರಿನ ಮೀಟರ್ ಇದ್ರೆ ಎಲ್ಲಾ ನಲ್ಲಿ ನಿಲ್ಲಿಸಿ ಮುಳ್ಳು ತಿರುಗತ್ತಾ ನೋಡಿ, ತಿರುಗಿದ್ರೆ ಪ್ಲಂಬರ್‌ನ ಕರೆಸಿ. ಆದ್ರೆ ಮುಳ್ಳು ನಿಂತಿದೆ ಅಂತ ಪೈಪ್ ಚೆನ್ನಾಗಿದೆ ಅನ್ಕೋಬೇಡಿ, ಟ್ಯಾಂಕ್‌ನಿಂದ ನೀರು ಬರೋ ಮನೆಗಳಲ್ಲಿ ಸೋರಿಕೆ ಮೀಟರ್‌ನಲ್ಲಿ ಕಾಣಲ್ಲ.

ಕಲ್ಲುಕೆಲಸ:
ಸೀಲರ್ ವಿಷಯಕ್ಕೆ ಒಂದು ಸೇರಿಸ್ತೀನಿ. ಕಲ್ಲು ಪೂರ್ತಿ ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ಹತ್ತು ನಿಮಿಷ ನೋಡಿ, ಅಷ್ಟರಲ್ಲಿ ಕಲ್ಲು ಕಪ್ಪಗಾದ್ರೆ ಸೀಲರ್ ಬೇಕು, ಹನಿ ಹಾಗೇ ಮೇಲೆ ಕೂತಿದ್ರೆ ಸದ್ಯಕ್ಕೆ ಬೇಡ. ತಗೊಳ್ಳೋದಾದ್ರೆ ಒಳಗೆ ಇಳಿಯೋ ಪೆನಿಟ್ರೇಟಿಂಗ್ ಸೀಲರ್ ತಗೊಳ್ಳಿ, ಮೇಲೆ ಪದರ ಕಟ್ಟೋದು ಬಾತ್ರೂಮ್‌ಗೆ ಬೇಡ, ಎದ್ದು ಬರತ್ತೆ. ಸ್ನಾನ ಆದ ಮೇಲೆ ಸಣ್ಣ ವೈಪರ್‌ನಲ್ಲಿ ಗೋಡೆ ಮೇಲಿಂದ ಕೆಳಗೆ ಎಳೆದುಬಿಡಿ, ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಲಿ, ಶಾಂಪೂ ಬಾಟ್ಲಿ ಮೂಲೇಲಿ ನೆಲದ ಮೇಲೆ ಇಡಬೇಡಿ, ಅದರ ಅಡೀಲೇ ಮೊದಲು ಶುರುವಾಗೋದು.