ಅಪ್‌ಡೇಟ್: ಡಿಸ್ಕ್ ಫುಲ್ ತೊಂದರೆ ಬಗೆಹರಿಯಿತು

ಹೋದ ವಾರ ಕೇಳಿದ್ದೆ: ದಾವಣಗೆರೆಯ ನಮ್ಮ ಮೆಕ್ಕೆಜೋಳದ ಮಂಡಿ ಲೆಕ್ಕ ಇರುವ ಕ್ಲೌಡ್ ಸರ್ವರ್‌ನಲ್ಲಿ ಇಬಿಎಸ್ ವಾಲ್ಯೂಮ್ (ಅಮೆಜಾನ್ ಕ್ಲೌಡಿನ ಡಿಸ್ಕ್) 20 ಜಿಬಿಯಿಂದ 50ಕ್ಕೆ ಏರಿಸಿದರೂ ಡಿಸ್ಕ್ ಫುಲ್ ಅಂತಲೇ ತೋರಿಸುತ್ತಿದೆ, ಯಾಕೆ ಅಂತ.

ನೀವು ಹೇಳಿದ್ದೇ ಸರಿ. ವಾಲ್ಯೂಮ್ ಏರಿಸಿದರೆ ಸಾಲದು, ಒಳಗಿನ ಪಾರ್ಟಿಷನ್ (ಡಿಸ್ಕಿನ ಭಾಗ), ಫೈಲ್ ಸಿಸ್ಟಮ್ (ಅದರಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಎರಡನ್ನೂ ಹಿಗ್ಗಿಸಬೇಕು. ಪಕ್ಕದ ಹೊಲ ಕೊಂಡರೂ ಹಳೇ ಬೇಲಿ ಅಲ್ಲೇ ಇದ್ದ ಹಾಗೆ, ಅಲ್ವಾ?

ಮೊದಲು ಸ್ನ್ಯಾಪ್‌ಶಾಟ್ (ಡಿಸ್ಕಿನ ಬ್ಯಾಕಪ್ ನಕಲು) ತೆಗೆದೆ. ಆಮೇಲೆ ಪಾರ್ಟಿಷನ್ ಹಿಗ್ಗಿಸುವ ಗ್ರೋಪಾರ್ಟ್ ಕಮಾಂಡ್. ಅದರಲ್ಲಿ ಡಿಸ್ಕ್ ಹೆಸರಿಗೂ ಪಾರ್ಟಿಷನ್ ನಂಬರಿಗೂ ನಡುವೆ ಜಾಗ ಬಿಡಬೇಕು. ಬಿಡದೆ ಅರ್ಧ ಗಂಟೆ ಒದ್ದಾಡಿದೆ. ನಮ್ಮ ಫೈಲ್ ಸಿಸ್ಟಮ್ ಎಕ್ಸ್‌ಎಫ್‌ಎಸ್ ಬಗೆಯದು, ಹಾಗಾಗಿ ಇಎಕ್ಸ್‌ಟಿ4 ಅನ್ನೋ ಇನ್ನೊಂದು ಬಗೆಗೆ ಬಳಸುವ ರೀಸೈಜ್2ಎಫ್‌ಎಸ್ ಕಮಾಂಡ್ ನಡೆಯಲಿಲ್ಲ. ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್ ಕೊಟ್ಟ ತಕ್ಷಣ 50 ಜಿಬಿ ಕಂಡಿತು. ಸರ್ವರ್ ನಿಲ್ಲಿಸಲೇ ಇಲ್ಲ!

ಏರಿಸಿದ ವಾಲ್ಯೂಮನ್ನು ಮತ್ತೆ ಇಳಿಸಲು ಬರುವುದಿಲ್ಲ. ಸುಮ್ನೆ ಜಾಸ್ತಿ ಕೊಡಬೇಡಿ, ತಿಂಗಳಾ ತಿಂಗಳಾ ದುಡ್ಡು ಕಟ್ಟಬೇಕಾಗುತ್ತದೆ.

ರೈತರ ಲೆಕ್ಕಪಟ್ಟಿಗಳೆಲ್ಲ ಇವತ್ತು ಪ್ರಿಂಟ್ ಆದವು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.