ಹುಣಸೆ ಬೋನ್ಸಾಯ್ ಪಕ್ಕ ಇಡೋಕೆ ಕರಟ, ಚಿಪ್ಪು, ಮುರಕಲ್ಲು... ಯಾವ್ದು ಸರಿಹೋಗುತ್ತೆ?

ಕಲ್ಪತರು_ಗಿಡ
ಎಲ್ರಿಗೂ ನಮಸ್ಕಾರ. ನನ್ನತ್ರ ಒಂದು ಹುಣಸೆ ಬೋನ್ಸಾಯ್ ಇದೆ, ಒಂದೂವರೆ ಅಡಿ ಇರ್ಬೋದು, ಬುಡ ಚೆನ್ನಾಗಿ ದಪ್ಪ ಆಗಿದೆ. ಜನವರಿಲಿ ನಮ್ಮೂರಲ್ಲಿ ಒಂದು ಚಿಕ್ಕ ಪ್ರದರ್ಶನ, ಅಲ್ಲಿ ಮರದ ಪಕ್ಕ ಪುಟ್ಟದೊಂದು ಆಕ್ಸೆಂಟ್ ಗಿಡ ಇಡೋ ಆಸೆ, ಜಪಾನ್‌ನೋರು ಶಿತಾಕುಸ ಅಂತಾರಲ್ಲ ಅದು. ದುಡ್ಡು ಕೊಟ್ಟು ಕುಂಡ ತರೋದು ಬೇಡ, ಸಿಕ್ಕಿದ್ರಲ್ಲೇ ಮಾಡೋಣ ಅಂತ ತೆಂಗಿನ ಕರಟ, ಮಲ್ಪೆ ಬೀಚಲ್ಲಿ ಸಿಕ್ಕ ಅಂಗೈಯಗಲದ ಚಿಪ್ಪು, ಮಂಗಳೂರು ಕಡೆಯಿಂದ ತಂದ ಮುರಕಲ್ಲಿನ ತುಂಡು, ಕೆರೆ ದಡದಲ್ಲಿ ಬಿದ್ದಿದ್ದ ಒಣಬೇರು ಎಲ್ಲ ಗುಡ್ಡೆ ಹಾಕಿದೀನಿ. ಮನೇಲಿ ಚಿಪ್ಪಿಗೇ ಓಟು. ಯಾವ್ದರಲ್ಲಿ ಏನು ನೆಡ್ಲಿ?

ಬೇರುಬಿಳಲು
ಕರಟ, ಚಿಪ್ಪು ಎರಡೂ ಬೇಡ ಸರ್. ಕರಟ ಎಷ್ಟು ದೊಡ್ಡದಿರುತ್ತೆ ಅಂತ ಮಗುಗೂ ಗೊತ್ತು, ಅದನ್ನ ಪಕ್ಕ ಇಟ್ಟ ತಕ್ಷಣ ಕಣ್ಣು ಅಳತೆ ಹಾಕಿಬಿಡುತ್ತೆ, ನಿಮ್ಮ ನೂರು ವರ್ಷದ ಹುಣಸೆಮರ ಅಲ್ಲೇ ಒಂದೂವರೆ ಅಡಿ ಗಿಡ ಆಗೋಗುತ್ತೆ. ಬೋನ್ಸಾಯ್‌ನಲ್ಲಿ ನಾವು ಕಷ್ಟಪಡೋದೇ ಆ ಅಳತೆ ಮರೆಸೋಕೆ ಅಲ್ವಾ. ಕಲ್ಲಿಗೆ ಆ ತೊಂದ್ರೆ ಇಲ್ಲ, ಅಂಗೈಯಗಲದ ಕಲ್ಲು ಬಂಡೆ ಥರಾನೂ ಕಾಣ್ಬೋದು. ಮುರಕಲ್ಲು ಮೆತ್ತಗಿರುತ್ತೆ, ಉಳಿ ಸುತ್ತಿಗೆ ಸಾಕು, ನೆನೆಸಿಟ್ಟು ಮೇಲೆ ಒಂದಿಂಚು ಗುಳಿ ತೋಡಿ. ತೂತುತೂತಾಗಿರೋದ್ರಿಂದ ನೀರು ಹೀರ್ಕೊಂಡು ಇಟ್ಕೊಳ್ಳುತ್ತೆ. ಇನ್ನು ಒಣಬೇರು ನಮ್ಮ ಹವೆಗೆ ಗೆದ್ದಲಿಗೆ ಊಟ, ಮಣ್ಣು ತುಂಬಿದ್ರಂತೂ ಬೇಗ ಲಡ್ಡಾಗುತ್ತೆ.

ಕಡಲತಡಿಯವಳು
ಚಿಪ್ಪನ್ನ ಅಷ್ಟು ಸಲೀಸಾಗಿ ತೆಗೆದುಹಾಕ್ಬೇಡಿ ಮಾರಾಯ್ರೆ 😄 ಮರದ ಪಕ್ಕ ಬೇಡ ಅನ್ನೋದು ಒಪ್ಪಿದೆ, ಆದ್ರೆ ಅದನ್ನೇ ಬೇರೆ ಕುಸಾಮೊನೊ (ಮರದ ಜೊತೆಗಲ್ದೆ ತಾನೇ ನೋಡೋಕೆ ಇಡೋ ಪುಟ್ಟ ಗಿಡದ ಜೋಡಣೆ) ಮಾಡಿ ಒಂಟಿಯಾಗಿ ಇಡ್ಬೋದಲ್ಲ. ಉಪ್ಪು ಹೋಗೋವರೆಗೂ ಸಿಹಿನೀರಲ್ಲಿ ನೆನೆಹಾಕಿ, ನೀರು ಬದಲಾಯಿಸ್ತಾ ಇರಿ. ಚಿಪ್ಪು ಅಂದ್ರೆ ಸುಣ್ಣನೇ, ಹುಳಿಮಣ್ಣು ಬೇಡೋ ಗಿಡ ಅದರಲ್ಲಿ ಏಳಿಗೆ ಆಗಲ್ಲ. ಹಳೇ ಬಾವಿ ಗೋಡೆ ಮೇಲೆ ಗಾರೆ ಸಂದಿಲಿ ಬೆಳೆಯುತ್ತಲ್ಲ ಕಪ್ಪು ದಂಟಿನ ಜರೀಗಿಡ, ಅದಕ್ಕೆ ಸುಣ್ಣ ಒಗ್ಗುತ್ತೆ. ಬೀಚಲ್ಲಿ ಹವಳದ ತುಂಡು ಕಂಡ್ರೆ ಮಾತ್ರ ಮುಟ್ಟೋದು ಬೇಡ, 1972ರ ವನ್ಯಜೀವಿ ಕಾಯ್ದೆಲಿ ಅದು ಮೊದಲನೇ ಶೆಡ್ಯೂಲಲ್ಲಿದೆ, ಕೆಲವು ಜಾತಿ ಚಿಪ್ಪಿಗೂ ರಕ್ಷಣೆ ಇದೆ, ನಿಮ್ಮದು ಯಾವ್ದು ಅಂತ ಒಮ್ಮೆ ನೋಡ್ಕೊಳ್ಳಿ.

ಬಯಲುಸೀಮೆ_ಹುಡ್ಗ
ನಂದೂ ಕಲ್ಲಿಗೇ ಓಟು, ಆದ್ರೆ ಮುರಕಲ್ಲು ಯಾಕೆ ಗುರು? ಹುಣಸೆ ನಮ್ಮ ಕಡೆ ಹೊಲದ ಬದುವಿನ ಮರ, ಅದರ ಪಕ್ಕ ಕರಾವಳಿ ಕೆಂಪುಕಲ್ಲು, ಅದರ ಮೇಲೆ ಜರೀಗಿಡ, ಪಾಚಿ ಅಂದ್ರೆ ಎರಡು ಊರು ಒಂದೇ ಮೇಜಿನ ಮೇಲೆ ಬಂದಂಗೆ. ನಿಮ್ಮೂರ ಗುಡ್ಡದಲ್ಲಿ ಚಪ್ಪಟೆ ಕರಿಕಲ್ಲಿನ ಚಕ್ಕೆ ಎಷ್ಟು ಬೇಕಾದ್ರೂ ಬಿದ್ದಿರುತ್ತೆ (ಅಭಯಾರಣ್ಯದೊಳಗಿಂದ ಮಾತ್ರ ಏನೂ ಎತ್ಕೊಂಡು ಬರ್ಬೇಡಿ). ಕೆರೆ ಜೇಡಿಗೆ ಸ್ವಲ್ಪ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಹಳೇ ಸಗಣಿಗೊಬ್ಬರ ಕಲಸಿ ಚಕ್ಕೆ ಮೇಲೆ ದಿಬ್ಬ ಕಟ್ಟಿ, ವಿಷ್ಣುಕ್ರಾಂತಿ ನೆಡಿ. ನೀಲಿ ಹೂವು, ಚಿಕ್ಕ ಎಲೆ, ನೆಲಕ್ಕೆ ಅಂಟ್ಕೊಂಡು ಹರಡುತ್ತೆ. ದೊಡ್ಡ ಗಿಡದ ಬೇರು ಆಳಕ್ಕೆ ಹೋಗಿರುತ್ತೆ, ಕಿತ್ರೆ ಬದುಕೋದು ಕಷ್ಟ, ಅದಕ್ಕೆ ಸಣ್ಣ ಸಸಿನೇ ತಗೊಳ್ಳಿ. ತುಂಬೆನೂ ಆಗುತ್ತೆ, ಆದ್ರೆ ಚಿವುಟ್ತಾ ಇರ್ಬೇಕು. ಗರಿಕೆ ಬೇಡ, ಎರಡೇ ವಾರದಲ್ಲಿ ಮೇಜೆಲ್ಲಾ ಓಡಾಡುತ್ತೆ. ಈಗ್ಲೇ ನೆಟ್ರೆ ಜನವರಿ ಹೊತ್ತಿಗೆ ಅಲ್ಲೇ ಹುಟ್ಟಿದ ಥರ ಕಾಣುತ್ತೆ, ಹಿಂದಿನ ವಾರ ನೆಟ್ಟಿದ್ದು ಅಂದ್ರೆ ಯಾರಿಗಾದ್ರೂ ಗೊತ್ತಾಗುತ್ತೆ.

ಕಲ್ಪತರು_ಗಿಡ
ಎರಡು ಊರು ಒಂದೇ ಮೇಜು 😂 ಸರಿ ಹಾಗಾದ್ರೆ ಮುರಕಲ್ಲು ನಮ್ಮ ಗೋಣಿಮರದ ಬೋನ್ಸಾಯ್‌ಗೆ ಇಟ್ಕೋತೀನಿ. ಎಡಕ್ಕಿಡ್ಲಾ ಬಲಕ್ಕಿಡ್ಲಾ?

ಬೇರುಬಿಳಲು
ಮರ ಯಾವ ಕಡೆ ವಾಲಿದ್ಯೋ ಆ ಕಡೆ, ಸ್ವಲ್ಪ ಮುಂದಕ್ಕೆ, ಕೆಳಗೊಂದು ತೆಳ್ಳನೆ ಹಲಗೆ ಹಾಕಿ. ಮರದ ಕೆಳಗಿನ ಕೊಂಬೆಗಿಂತ ತಗ್ಗಾಗಿರ್ಲಿ. ಇನ್ನೊಂದು, ಸಂಜೆ ಆದ್ರೆ ಹುಣಸೆ ಎಲೆ ಮುಚ್ಕೊಳ್ಳುತ್ತೆ, ತೀರ್ಪುಗಾರರು ಬೆಳಿಗ್ಗೆ ಬರ್ತಾರಾ ಕೇಳ್ಕೊಳ್ಳಿ.