ಮೊಣಕಾಲಿಗೊಂದು ಸೋಲಾರ್ ಪಂಪ್‌ಸೆಟ್

ಶಂಕ್ರಿ ಮೊಣಕಾಲಿಗೆ ಕೆಂಪು ಲೈಟಿನ ಪಟ್ಟಿ ಸುತ್ತಿಕೊಂಡೇ ಬಾಗಿಲು ತೆಗೆದ. ಎಂಟು ಸಾವಿರವಂತೆ.

"ಮೈಟೊಕಾಂಡ್ರಿಯಾ ಚಾರ್ಜ್ ಆಗ್ತಿದೆ, ಮಾತಾಡಿಸ್ಬೇಡಿ."

"ಪಿನ್ ಎಲ್ಲಿ ಚುಚ್ಚಿದ್ದೀಯೋ?" ರಾಯರು ಬಗ್ಗಿ ನೋಡಿದರು.

"ನಗಬೇಡಿ ರಾಯರೇ, ಅಮೆರಿಕದ ರಾಚೆಸ್ಟರ್‌ನಲ್ಲಿ ಬೆಳಕು ಬಿಟ್ಟು ಹುಳದ ಆಯಸ್ಸು ಜಾಸ್ತಿ ಮಾಡಿದ್ದಾರೆ. 2022ರಲ್ಲೇ!"

ನನಗೆ ಇಂಥ ಹೊತ್ತಲ್ಲೇ ನಾಲಿಗೆ ತುರಿಸುವುದು. "ಮಾಡಿದ್ದಾರೆ ಕಣೋ, ಸುಮ್ನೆ ಬಲ್ಬ್ ತೋರಿಸಿ ಅಲ್ಲ. ಮೈಟೊಕಾಂಡ್ರಿಯಾ ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸೋ ಪುಟ್ಟ ಘಟಕ, ಮನೆ ಮೇಲಿನ ಟ್ಯಾಂಕ್ ಅಂದ್ಕೋ. ನೀನು ತಿಂದ ಮುದ್ದೆ, ಚಿತ್ರಾನ್ನದ ಬಲದಲ್ಲಿ ಮೋಟರ್ ಓಡಿ, ನೀರಿನ ಬದಲು ಪ್ರೋಟಾನ್ ಅನ್ನೋ ವಿದ್ಯುತ್ ಕಣಗಳನ್ನು ಒಳಪೊರೆಯಿಂದಾಚೆ ದಬ್ಬುತ್ತೆ, ಅವು ವಾಪಸ್ ಇಳಿಯುವಾಗ ಪುಟ್ಟ ಚಕ್ರ ತಿರುಗಿ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡೋ ಅಣು, ತಯಾರಾಗುತ್ತೆ. ವಯಸ್ಸಾದ ಹಾಗೆ ಲೋ ವೋಲ್ಟೇಜ್. ರಾಚೆಸ್ಟರ್‌ನವರು ಒಂದು ಮಿಲಿಮೀಟರ್ ಹುಳದ ಜೀನ್ ತಿದ್ದಿ, ಯಾವುದೋ ಬೂಷ್ಟಿನ ಪ್ರೋಟೀನ್ ತಂದು ಅಲ್ಲಿ ಕೂರಿಸಿದರು. ಬೆಳಕು ಬಿದ್ದರೆ ಅದೇ ಪ್ರೋಟಾನ್ ಎತ್ತುತ್ತೆ. ಸೋಲಾರ್ ಪಂಪ್‌ಸೆಟ್! ನಿನ್ನ ಮೊಣಕಾಲಿಗೆ ಯಾರು ಕೂರಿಸಿದ್ರು?"

"ಸಬ್ಸಿಡಿಗೆ ಅರ್ಜಿ ಹಾಕಿರ್ತಾನೆ," ಅಂದರು ರಾಯರು.

"ಬೆಳಕು ಹಿಡಿಯೋದು ರೆಟಿನಲ್ ಅನ್ನೋ ಅಣು. ಅದನ್ನು ಹುಳಕ್ಕೆ ಊಟದ ಜೊತೆ ತಿನ್ನಿಸಬೇಕು, ಇಲ್ಲದಿದ್ದರೆ ಪಂಪ್ ಓಡಲ್ಲ. ಅದೂ ಹಸಿರು ಲೈಟು. ನೀನು ಹಾಕಿರೋದು ಕೆಂಪು. ಸಿಗ್ನಲ್ಲಲ್ಲೂ ಹೀಗೇನಾ?"

"ಆ ಹುಳಕ್ಕೆ ಎಷ್ಟು ಆಯಸ್ಸು?"

"ಎರಡು ಮೂರು ವಾರ."

"ಅಷ್ಟೇನಾ!" ಶಂಕ್ರಿಯ ಮುಖ ಇಳಿಯಿತು. ಇಎಂಐ ಮಾತ್ರ ಆರು ತಿಂಗಳಂತೆ.

ಪದ್ಮ ಕಾಫಿ ತಂದಳು. "ಮೈಟೊಕಾಂಡ್ರಿಯಾ ಬರೋದು ತಾಯಿಯಿಂದ ಅಂತ ಮಗಳು ಓದ್ತಿದ್ಲು. ಹಾಗಾದ್ರೆ ರಿಪೇರಿಗೆ ಬಂದಿರೋದು ನಮ್ಮತ್ತೆ ಕೊಟ್ಟ ಮಾಲು, ನನ್ನ ಅಡುಗೆದಲ್ಲ!"

ನಾವು ನಕ್ಕೆವು. ಶಂಕ್ರಿ ನಗಲಿಲ್ಲ. ಲೋಟ ಹಿಡಿದು ಸುಮ್ಮನೆ ಕೂತ.

"ಅಮ್ಮನಿಗೂ ಇದೇ ಕಾಲು ನೋಯ್ತಿತ್ತು. ಎಳ್ಳೆಣ್ಣೆ ಹಚ್ಚಿಕೊಂಡು ಜಗಲಿ ಬಿಸಿಲಿಗೆ ಕಾಲು ಚಾಚ್ತಿದ್ಲು. ಬಿಸಿಲು ಸರಿದ ಹಾಗೆ ಅವಳೂ ಸರೀತಿದ್ಲು. ಹೋಗಿ ಡಾಕ್ಟರಿಗೆ ತೋರಿಸು ಅಂತ ಬೈತಿದ್ದೆ, ಕರ್ಕೊಂಡು ಹೋಗಲಿಲ್ಲ."

ಯಾರೂ ಏನೂ ಅನ್ನಲಿಲ್ಲ. ಮೊಣಕಾಲು ಮಾತ್ರ ಕೆಂಪಗೆ ಉರಿಯುತ್ತಿತ್ತು.

"ವಾಪಸ್ ಕೊಟ್ಟುಬಿಡೋ," ಅಂದರು ರಾಯರು ಮೆಲ್ಲಗೆ.

"ಏಳು ದಿನ ಟೈಮ್ ಇತ್ತು ರಾಯರೇ. ನಿನ್ನೆಗೆ ಮುಗೀತು."